ಬ್ಯಾಬಿಲೋನಿನವರ ಲಾರಿ ಲೆಕ್ಕ

ಅವತ್ತಿನ ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದು ಹಿಡಿ ಕಲ್ಲು. ಬಾಂಬಲ್ಲ, ಬಂದೂಕಲ್ಲ; ಹುಡುಗಿಯರು ಕಟ್ಟೆಯ ಮೇಲೆ ಕೂತು ಮೇಲಕ್ಕೆ ಹಾರಿಸಿ ಹಿಡಿದು ಆಡುತ್ತಾರಲ್ಲ, ಅಂಥ ಸಣ್ಣ ಕಲ್ಲು. ಆ ಕಲ್ಲು ಸಂಡೂರಿನಿಂದ ಹೊಸಪೇಟೆಯವರೆಗೆ ಲಾರಿಗಳನ್ನು ಸಾಲಾಗಿ ನಿಲ್ಲಿಸಿತು, ಬಿಳಿ ಅಂಗಿಯ ಸಾಹೇಬರೊಬ್ಬರನ್ನು ಕೆಂಪು ಮಾಡಿ ನಡೆಸಿತು, ಗವಿಸಿದ್ದಪ್ಪನೆಂಬ ಬಡಪಾಯಿಯನ್ನು ಅಂದು ಸಾಯಂಕಾಲದೊಳಗೆ ಹಿಂಡಿ ಹಿಪ್ಪೆ ಮಾಡಿತು.

ಗವಿಸಿದ್ದಪ್ಪ ಗುಡ್ಡದಹಳ್ಳಿಯ ದೊಡ್ಡವರ ಶಾಲೆಯ ಮೇಷ್ಟ್ರು. ದೊಡ್ಡವರ ಶಾಲೆ ಎಂದರೆ ದೊಡ್ಡ ಶಾಲೆ ಅಂದುಕೊಳ್ಳಬೇಡಿ. ಚಿಕ್ಕಂದಿನಲ್ಲಿ ಶಾಲೆಯ ಮುಖ ನೋಡದ ಹೆಂಗಸರಿಗೆ ಸರ್ಕಾರ ಮಧ್ಯಾಹ್ನದ ಹೊತ್ತು ಕಲಿಸುವ ಕೇಂದ್ರ ಅದು. ಹಳೇ ಗೊಬ್ಬರದ ಗೋದಾಮು, ಒಂದು ಕರಿಹಲಗೆ, ಇಪ್ಪತ್ತು ಹೆಂಗಸರು. ಗೊಬ್ಬರದ ಘಾಟಿಗೆ ಮೊದಲ ವಾರ ಎಲ್ಲರ ಕಣ್ಣಲ್ಲೂ ದಳದಳ ನೀರು. ನೋಡಲು ಬಂದ ಮೇಲಿನವರು ಅದನ್ನು ಕಲಿಯುವ ಆಸೆಯ ಕಣ್ಣೀರು ಎಂದು ಬರೆದುಕೊಂಡು ಹೋಗಿದ್ದರು. ಗವಿಸಿದ್ದಪ್ಪನಿಗೆ ತಿಂಗಳಿಗೆ ಸಿಗುತ್ತಿದ್ದ ಗೌರವಧನದಲ್ಲಿ ಗೌರವವೂ ಇರಲಿಲ್ಲ, ಧನವೂ ಇರಲಿಲ್ಲ. ಆದರೂ ಅವನಿಗೆ ಆ ಗೋದಾಮೆಂದರೆ ಜೀವ.

ಅವತ್ತು ಪರೀಕ್ಷೆ. ಹನ್ನೊಂದು ಗಂಟೆಗೆ ತಾಲೂಕಿನ ಶಿಕ್ಷಣ ಕಚೇರಿಯಿಂದ ಈಶ್ವರ್ ಸಾಹೇಬರು ಬರುವವರಿದ್ದರು. ಇಪ್ಪತ್ತರಲ್ಲಿ ಹದಿನೈದು ಮಂದಿಯಾದರೂ ನೂರರ ಮೇಲೆ ಎಣಿಸಿ ತೋರಿಸಬೇಕು. ತೋರಿಸದಿದ್ದರೆ ಮೇಷ್ಟ್ರಿಗೆ ಬಾಗಿಲು. ಇದನ್ನು ಆರು ತಿಂಗಳ ಹಿಂದೆಯೇ ಹೇಳಿ ಹೋಗಿದ್ದರು.

ಬೆಳಗ್ಗೆ ಹೆಂಡತಿ ಗಂಗಾಂಬಿಕಾ ಚಹಾದ ಲೋಟವನ್ನು ನೆಲಕ್ಕೆ ಕುಕ್ಕಿ ಹೇಳಿದಳು: "ನೋಡ್ರಿ, ಇವತ್ತು ನಿಮ್ಮ ನೌಕರಿ ಹೋತಂದ್ರ ನಾಳೆ ಮುಂಜಾನೆ ನನ್ನ ತಮ್ಮನ ಟಿಪ್ಪರ್ ಹತ್ತಬೇಕು. ಕ್ಲೀನರ್ ಸೀಟು ನಿಮಗಂತ ಖಾಲಿ ಇಟ್ಟಾನ."

"ನನಗ ಬಸ್ಸಾಗ ಕುಂತ್ರ ವಾಂತಿ ಬರ್ತೈತಿ ಅಂತ ಗೊತ್ತಿಲ್ಲೇನು?"

"ಟಿಪ್ಪರ್ ಕಿಟಕಿ ಭಾಳ ದೊಡ್ಡದೈತಿ. ಹೊರಗ ಮಾಡ್ರಿ. ಊರೂರಿಗೆ ಕೆಂಪು ಧೂಳು ಚೆಲ್ಲೋದಿಲ್ಲೇನು, ಅದರ ಜತಿ ಇದೂ ಒಂದು."

ಅವಳದೂ ತಪ್ಪಲ್ಲ. ಚೀನಾದವರು ಯಾವುದೋ ಆಟಕ್ಕೆ ಬೆಟ್ಟದಷ್ಟು ದೊಡ್ಡ ಮೈದಾನ ಕಟ್ಟುತ್ತಿದ್ದಾರಂತೆ, ಅದಕ್ಕೆ ನಮ್ಮ ಬೆಟ್ಟವನ್ನೇ ಕೇಳಿದರಂತೆ, ಗಣಿಯವರು ಅದನ್ನು ಅಗೆದು ಕಬ್ಬಿಣದ ಅದಿರೆಂದು ಲಾರಿಗೆ ತುಂಬಿ ಕಳಿಸುತ್ತಿದ್ದಾರಂತೆ. ಊರಿನ ಗಂಡಸರೆಲ್ಲ ಲಾರಿ ಹತ್ತಿ ಕಿಸೆ ತುಂಬಿಸಿಕೊಂಡಿದ್ದರು. ನಿನ್ನೆ ಮೊನ್ನೆ ಮೂಗು ಒರೆಸಿಕೊಳ್ಳಲು ಬಾರದವನ ಕೊರಳಲ್ಲಿ ಇವತ್ತು ಎಮ್ಮೆಗೆ ಕಟ್ಟುವ ಹಗ್ಗದಷ್ಟು ದಪ್ಪ ಬಂಗಾರದ ಸರ. ಗವಿಸಿದ್ದಪ್ಪ ಒಬ್ಬನೇ ಬಳಪ ಹಿಡಿದುಕೊಂಡು ಉಳಿದಿದ್ದ.

ಅವನ ಕಷ್ಟ ಶುರುವಾದದ್ದು ಮೊದಲ ಪಾಠದ ದಿನವೇ. ಪುಸ್ತಕ ತೆರೆದು ಒಂದು, ಎರಡು ಎಂದು ಹೇಳಿಕೊಟ್ಟರೆ ಹೆಂಗಸರು ಇಪ್ಪತ್ತೊಂಬತ್ತರವರೆಗೆ ಜೋರಾಗಿ ಬಂದು, ಅಲ್ಲಿಂದ "ಇಪ್ಪತ್ತ್ಹತ್ತು, ಇಪ್ಪತ್ತ್ಹನ್ನೊಂದು" ಎಂದು ಬೇರೆ ದಾರಿ ಹಿಡಿದು ಹೊಲಕ್ಕಿಳಿಯುತ್ತಿದ್ದರು. ಮೂರು ವಾರ ಕೂಗಿ ಕೂಗಿ ಅವನ ಗಂಟಲು ಹರಿದ ತಮಟೆಯಾಯಿತು. ಕೊನೆಗೆ ಒಂದು ದಿನ ಪುಸ್ತಕ ಮುಚ್ಚಿಟ್ಟು, ಅಂಕಿಗಳು ಹುಟ್ಟಿದ ಕತೆ ಶುರು ಮಾಡಿದ.

"ಈಗ ನೋಡ್ರವ್ವ, ಸಾವಿರಾರು ವರ್ಷದ ಹಿಂದ ಅಂಕಿ ಇದ್ದಿಲ್ಲ. ಒಬ್ಬ ಕುರುಬ ಇದ್ದ. ಮುಂಜಾನೆ ಹಟ್ಟಿಯಿಂದ ಒಂದು ಕುರಿ ಹೊರಗ ಹೋದ್ರ ಒಂದು ಕಲ್ಲು ಚೀಲಕ್ಕ ಹಾಕ್ತಿದ್ದ. ಸಂಜಿಗೆ ಒಂದು ಕುರಿ ಒಳಗ ಬಂದ್ರ ಒಂದು ಕಲ್ಲು ತೆಗೀತಿದ್ದ. ಚೀಲದಾಗ ಕಲ್ಲು ಉಳೀತಂದ್ರ?"

"ತ್ವಾಳ ತಿಂತು!" ಎಂದಳು ತಾಯಕ್ಕ. ಅರವತ್ತು ದಾಟಿದ ಮುದುಕಿ, ವಯಸ್ಸಿನಲ್ಲಿ ಅದೇ ಗುಡ್ಡದ ಮೇಲೆ ಕುರಿ ಕಾಯ್ದವಳು. "ಅಲ್ರೀ ಸಾರ್, ಇದು ನಮ್ಮಪ್ಪ ಮಾಡ್ತಿದ್ದ. ಇದಕ್ಕ ಗಣಿತ ಅಂತಾರ? ಮತ್ತ ನಾನು ಇಷ್ಟು ದಿನ ದಡ್ಡಿ ಅಂತ ಯಾಕ ಅನ್ನಿಸಿಕೊಂಡೆ?"

ಅವತ್ತಿನಿಂದ ಗೋದಾಮು ತುಂಬಿತು. ಕೈಬೆರಳು ಹತ್ತಿರುವುದರಿಂದ ಲೆಕ್ಕವೂ ಹತ್ತರ ಗುಂಪಾಯಿತೆಂದ. ಕೆಲವು ದೇಶದವರು ಕಾಲ್ಬೆರಳೂ ಸೇರಿಸಿ ಇಪ್ಪತ್ತರ ಗುಂಪು ಮಾಡಿದರೆಂದ. ಬ್ಯಾಬಿಲೋನಿನವರು ಹಸಿಮಣ್ಣಿನ ಹಲಗೆಯ ಮೇಲೆ ಕಡ್ಡಿಯಿಂದ ಒತ್ತಿ ಅಂಕಿ ಬರೆದರು, ಅವರದು ಅರವತ್ತರ ಗುಂಪು, ಅದಕ್ಕೇ ಇವತ್ತಿಗೂ ಗಂಟೆಗೆ ಅರವತ್ತು ನಿಮಿಷ ಎಂದ.

"ಅರವತ್ತು ಯಾಕ ಬೇಕಾಗಿತ್ತು ಅವರಿಗೆ?" ಎಂದು ಜಂಬಕ್ಕ ಕೇಳಿದಳು. ಯಾವ ಮಾತನ್ನೂ ಹಾಗೇ ನುಂಗುವ ಹೆಂಗಸಲ್ಲ ಅವಳು.

"ಅರವತ್ತು ರೊಟ್ಟಿನ ಇಬ್ಬರಿಗೆ ಹಂಚು, ಮೂವರಿಗೆ, ನಾಲ್ವರಿಗೆ, ಐದು ಮಂದಿಗೆ, ಆರು ಮಂದಿಗೆ ಹಂಚು, ಒಂದು ರೊಟ್ಟಿನೂ ಮುರಿಯೋ ಕೆಲಸಿಲ್ಲ."

"ನಮ್ಮ ಮನ್ಯಾಗ ಏಳು ಮಂದಿ ಅದೀವಿ. ಹಂಗಾದ್ರ ನಮ್ಮನ್ನ ಅವಾಗಿಂದನ ಹೊರಗ ಇಟ್ಟಾರ."

ಈಜಿಪ್ಟಿನಲ್ಲಿ ಹೊಳೆ ಬಂದು ಹೊಲದ ಬದು ಕೊಚ್ಚಿಕೊಂಡು ಹೋದಾಗ ಹಗ್ಗ ಹಿಡಿದು ಮತ್ತೆ ಅಳೆಯುತ್ತಿದ್ದರೆಂದು ಹೇಳಿದಾಗ ತಾಯಕ್ಕ ಬಾಗಿಲಾಚೆಯ ಗುಡ್ಡದ ಕಡೆ ತಿರುಗಿ ನೋಡಿದಳು. ಆಮೇಲೆ, "ಅವರ ಹೊಳಿ ಬದು ಒಯ್ದು ಹೊಲ ಬಿಟ್ಟು ಹೋಗ್ತಿತ್ತು. ನಮ್ಮದು ಗುಡ್ಡನ ಹೋಗಾಕತ್ತೈತಿ. ಯಾವ ಹಗ್ಗ ಹಿಡಿಯೋಣು?" ಎಂದಳು.

ಹೀಗೆ ಕಲಿತ ಹೆಂಗಸರು ಪರೀಕ್ಷೆಗೆ ಏನನ್ನು ಎಣಿಸಿ ತೋರಿಸಬೇಕು? ಕುರಿಯನ್ನೇ ಎಣಿಸೋಣವೆಂದರೆ ಊರಲ್ಲಿ ಕುರಿ ಇಲ್ಲ. ಹುಲ್ಲೆಲ್ಲ ಧೂಳು ಕುಡಿದು ಕೆಂಪಾದ ಮೇಲೆ ಇದ್ದವರು ಮಾರಿದ್ದರು. ಮಾರದವರ ಕುರಿಯನ್ನು ಲಾರಿಗಳು ಒಂದೊಂದಾಗಿ ಮುಗಿಸಿದ್ದವು. ಆ ರಸ್ತೆ ನಾಲ್ಕು ವರ್ಷದಲ್ಲಿ ಹನ್ನೊಂದು ಕುರಿ, ಎರಡು ಎಮ್ಮೆ ಮತ್ತು ಜಂಬಕ್ಕನ ಗಂಡನನ್ನು ತಿಂದಿತ್ತು. ಎಮ್ಮೆಗಳಿಗೆ ಅವತ್ತೇ ಪರಿಹಾರ ಸಿಕ್ಕಿತ್ತು.

"ಕುರಿ ಇಲ್ಲಂದ್ರ ಏನಾತು ಸಾರ್?" ಎಂದಿದ್ದಳು ಜಂಬಕ್ಕ. "ಲಾರಿ ಅದಾವಲ್ಲ. ಹಿಂಡಿಗೆ ಹಿಂಡು ಹೋಗ್ತಾವ. ಅವನ್ನ ಎಣಸೋಣ."

ಗವಿಸಿದ್ದಪ್ಪನಿಗೆ ಇದು ಎಷ್ಟು ಇಷ್ಟವಾಯಿತೆಂದರೆ ಅವನು ಗೋದಾಮಿನಲ್ಲೇ ಒಂದು ಸುತ್ತು ಕುಣಿದುಬಿಟ್ಟ. ಅದರ ಹಿಂದೆ ಮುಂದೆ ಯೋಚಿಸುವ ಬುದ್ಧಿಯನ್ನು ಮಾತ್ರ ದೇವರು ಅವನಿಗೆ ಕೊಟ್ಟಿರಲಿಲ್ಲ.

ಪರೀಕ್ಷೆಯ ದಿನ ಬೆಳಗ್ಗೆ ಆರಕ್ಕೇ ಇಪ್ಪತ್ತು ಹೆಂಗಸರು ರಸ್ತೆಯ ಎರಡೂ ಬದಿಗೆ ಸೆರಗಿನಿಂದ ಮೂಗು ಕಟ್ಟಿಕೊಂಡು ಕೂತರು. ಮುಂದೆ ಕಲ್ಲಿನ ರಾಶಿ. ಅದಿರು ತುಂಬಿದ ಒಂದು ಲಾರಿ ಹೋದರೆ ಒಂದು ಸಣ್ಣ ಕಲ್ಲು. ಸಣ್ಣ ಕಲ್ಲು ಹತ್ತಾದರೆ ಅವನ್ನು ತೆಗೆದು ಒಂದು ದಪ್ಪ ಕಲ್ಲು. ದಪ್ಪ ಕಲ್ಲು ಹತ್ತಾದರೆ ಒಂದು ಇಟ್ಟಿಗೆ. ಸಾಹೇಬರು ಬಂದು ಕೇಳುವಷ್ಟರಲ್ಲಿ ಲೆಕ್ಕ ಸಿದ್ಧ. ತಾಯಕ್ಕ ರಾಶಿಯ ಮುಂದೆ ತಕ್ಕಡಿ ಹಿಡಿದ ಶೆಟ್ಟರ ಹಾಗೆ ಕೂತಿದ್ದಳು.

ಎಂಟು ಗಂಟೆ ದಾಟುವ ತನಕ ಎಲ್ಲ ಬೆಣ್ಣೆಯಿಂದ ಕೂದಲೆಳೆದಂತೆ ನಡೆಯಿತು. ನಾಲ್ಕನೆಯ ಇಟ್ಟಿಗೆ ಇಟ್ಟು, ಅದರ ಮೇಲೆ ಏಳು ಸಣ್ಣ ಕಲ್ಲು ಬಿದ್ದಿದ್ದವು. ಅಷ್ಟರಲ್ಲಿ ಬಿಸಿಲೇರಿ ಮಂಜೂ ಧೂಳೂ ತಿಳಿಯಾಯಿತು. ಮುಂದಿನ ಲಾರಿಯ ಡ್ರೈವರ್ ಪಾಲಪ್ಪನಿಗೆ ರಸ್ತೆಯ ಎರಡೂ ಬದಿಯಲ್ಲಿ ಕಲ್ಲು ಹಿಡಿದ ಹೆಂಗಸರ ಸಾಲು ಕಾಣಿಸಿದ್ದೇ, ಬ್ರೇಕಿನ ಮೇಲೆ ಎದ್ದು ನಿಂತುಬಿಟ್ಟ. ಲಾರಿ ಹೆರಿಗೆ ನೋವು ಬಂದ ಎಮ್ಮೆಯಂತೆ ನರಳಿ ನಿಂತಿತು.

"ಯವ್ವಾ, ಯಾರು ಸತ್ರು?" ಎಂದ ಪಾಲಪ್ಪ ಕಿಟಕಿಯಿಂದ ಅರ್ಧ ಮುಖ ತೆಗೆದು. ಆ ರಸ್ತೆಯಲ್ಲಿ ಯಾರಾದರೂ ಲಾರಿ ಕೆಳಗೆ ಸತ್ತಾಗಲಷ್ಟೇ ಹೆಂಗಸರು ಹೀಗೆ ಕಲ್ಲು ಹಿಡಿದು ಕೂರುವುದು ರೂಢಿ.

"ಯಾರೂ ಸತ್ತಿಲ್ಲ. ಹೋಗಪ್ಪ ನೀನು, ಲೆಕ್ಕ ತಪ್ಪತೈತಿ," ಎಂದಳು ತಾಯಕ್ಕ.

"ಏನು ಲೆಕ್ಕ?"

"ಲಾರಿ ಲೆಕ್ಕ. ಎಷ್ಟು ಹೋದ್ವು ಅಂತ ಎಣಸಾಕತ್ತೀವಿ."

ಪಾಲಪ್ಪನ ಮುಖ ಸುಣ್ಣವಾಯಿತು. ಹೆಣ ಬಿದ್ದಿದೆ ಎಂದಿದ್ದರೂ ಅವನು ಅಷ್ಟು ಹೆದರುತ್ತಿರಲಿಲ್ಲ. ಅವನ ಲಾರಿಗೆ ಪರ್ಮಿಟ್ ಇರಲಿಲ್ಲ. ಅವನ ಹಿಂದಿನದಕ್ಕೂ ಇರಲಿಲ್ಲ. ಅದರ ಹಿಂದಿನದಕ್ಕೆ ಇತ್ತು, ಆದರೆ ಅದು ಹೋದ ವರ್ಷ ಹರಾಜಿಗೆ ಹೋದ ಬೇರೊಂದು ಲಾರಿಯದು. ಪಾಲಪ್ಪ ಫೋನು ತೆಗೆದ. ಹಿಂದಿನವನೂ ತೆಗೆದ. ಅರ್ಧ ಗಂಟೆಯಲ್ಲಿ ಸುದ್ದಿ ಗಣಿಯ ತುದಿಯವರೆಗೆ ಹತ್ತಿತು: ಗುಡ್ಡದಹಳ್ಳಿಯಲ್ಲಿ ದಿಲ್ಲಿಯ ತನಿಖೆಯವರು ಸೀರೆ ಉಟ್ಟು ಕೂತು ಲಾರಿ ಎಣಿಸುತ್ತಿದ್ದಾರೆ! ಒಂದೊಂದು ಲಾರಿಯೂ ಇದ್ದಲ್ಲೇ ಬೇರು ಬಿಟ್ಟಿತು.

ಆಗ ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಆ ರಸ್ತೆಯಲ್ಲಿ ಸದ್ದು ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಇದೇನವ್ವಾ, ಚೀಂವ್ ಚೀಂವ್ ಅಂತ ಕೇಳಾಕತ್ತೈತಿ?" ಎಂದಳು ಜಂಬಕ್ಕ ಗಾಬರಿಯಿಂದ.

ತಾಯಕ್ಕ ಕಿವಿಗೊಟ್ಟಳು. "ಗುಬ್ಬಿ ಕಣವ್ವ. ಇನ್ನೂ ಬದುಕ್ಯಾವ ನೋಡು, ಭಂಡ ಜೀವ."

ಗವಿಸಿದ್ದಪ್ಪನಿಗೆ ಇದೂ ಪಾಠಕ್ಕೆ ಒದಗಿದ ಹೊತ್ತಾಗಿಯೇ ಕಂಡಿತು. "ಈಗ ಎಷ್ಟು ಲಾರಿ ಬರಾಕತ್ಯಾವ್ರವ್ವ?"

"ಒಂದೂ ಇಲ್ಲ."

"ಆ 'ಇಲ್ಲ' ಅನ್ನೋದನ್ನೂ ಒಂದು ಅಂಕಿ ಅಂತ ಲೆಕ್ಕಕ್ಕ ತಗೊಂಡವರು ನಮ್ಮ ದೇಶದವರು! ಅದ ಸೊನ್ನಿ. ಈಗ ತಾಯಕ್ಕನ ರಾಶಿ ನೋಡ್ರಿ. ನಾಲ್ಕು ಇಟ್ಟಂಗಿ, ಏಳು ಸಣ್ಣು. ನಡುವ ದಪ್ಪ ಕಲ್ಲಿನ ಜಾಗ ಖಾಲಿ. ಆ ಖಾಲಿ ಜಾಗನ ಕಾಯಾಕ ಸೊನ್ನಿ ಬೇಕು. ಇಲ್ಲಾಂದ್ರ ಏಳು ಬಂದು ನಾಲ್ಕರ ಮಗ್ಗಲಕ್ಕ ಕುಂತು ಲೆಕ್ಕ ಕೆಡ್ತೈತಿ."

"'ಇಲ್ಲ' ಅನ್ನಾದು ನಮ್ಮ ದೇಶದಾಗ ಹುಟ್ಟಿದ್ದು ಅಂದ್ರ ನಂಬಬಹುದು ಬಿಡ್ರಿ," ಎಂದಳು ಜಂಬಕ್ಕ. "ಯಾವ ಆಫೀಸಿಗೆ ಹೋದ್ರೂ ಅದೊಂದ ಹೇಳ್ತಾರ."

ಈ ನಗೆಯ ನಡುವೆ ಗಂಗಾಂಬಿಕಾ ಬುತ್ತಿಯ ಗಂಟು ಹಿಡಿದು ಧಾವಿಸಿ ಬಂದಳು. ಬುತ್ತಿಗಿಂತ ಮೊದಲು ಬೈಗುಳ ಬಡಿಸಿದಳು. "ನನ್ನ ತಮ್ಮ ಫೋನ್ ಮಾಡ್ಯಾನ! ಸುಶೀಲಾನಗರದ ಆಚಿಗೆ ಟಿಪ್ಪರ್ ಸಿಕ್ಕಿ ಹಾಕ್ಕೊಂಡೈತಂತ. 'ಯಾವನೋ ಹುಚ್ಚ ಮಾಸ್ತರ ರೋಡಿನ್ಯಾಗ ಕಲ್ಲು ಇಟ್ಟಾನಕ್ಕ' ಅಂದ. ಯಾವ ಮುಖ ಇಟ್ಕೊಂಡು ಹೇಳ್ಲಿ, ಆ ಹುಚ್ಚನ್ನ ನಾನ ಕಟ್ಕೊಂಡೀನಿ ಅಂತ?"

"ನಾನೇನು ನಿಲ್ಸಿಲ್ಲ, ಅವರ ನಿಂತಾರ."

"ನಿಮ್ಮ ಹಣೇಬರಾನ ಹಿಂಗ. ಏನೂ ಮಾಡ್ದ ಎಲ್ಲಾ ಕೆಡಸ್ತೀರಿ."

ಅವಳ ಮಾತಿನ್ನೂ ಮುಗಿದಿರಲಿಲ್ಲ, ಹಾರ್ನು ಹೊಡೆಯುತ್ತ ಕೊಟ್ರಯ್ಯನ ಜೀಪು ಬಂತು. ಕೊಟ್ರಯ್ಯ ಪಂಚಾಯಿತಿ ಮೆಂಬರು, ಹದಿನಾಲ್ಕು ಲಾರಿಯ ಒಡೆಯ, ಮತ್ತೆಷ್ಟೋ ಲಾರಿಗಳನ್ನು ಚೆಕ್‌ಪೋಸ್ಟ್ ದಾಟಿಸಿಕೊಡುವ ಪುಣ್ಯಾತ್ಮ. ಇಳಿದವನೇ ಗವಿಸಿದ್ದಪ್ಪನ ಅಂಗಿಯ ಕಾಲರಿಗೆ ಕೈ ಹಾಕಿದ.

"ಖರೇ ಹೇಳಲೇ ಗವಿಸಿದ್ದ, ಲಾರಿ ಎಣಸಾಕ ಯಾರು ಕಲಿಸ್ಯಾರ ನಿನಗ?"

ಗವಿಸಿದ್ದಪ್ಪ ಖರೇ ಹೇಳುವ ಮನುಷ್ಯ. "ಮೊದ್ಲು ಬ್ಯಾಬಿಲೋನಿನವ್ರು, ಈಜಿಪ್ಟಿನವ್ರು, ಆಮ್ಯಾಲೆ ನಮ್ಮವ್ರೂ..."

"ಬ್ಯಾಬಿಲೋನಾ?" ಕೊಟ್ರಯ್ಯನ ಕೈ ಸಡಿಲಾಯಿತು. ಜೀಪಿನ ಕಡೆ ತಿರುಗಿ, "ಲೇ, ಯಾವ ಕಂಪನಿಲೇ ಅದು? ಆಂಧ್ರದ್ದೇನು?" ಎಂದ. ಜೀಪಿನಲ್ಲಿದ್ದವರು ತಲೆ ಕೆರೆದುಕೊಂಡರು. ಕೊಟ್ರಯ್ಯ ದನಿ ತಗ್ಗಿಸಿ ಕೇಳಿದ: "ಎಷ್ಟು ಮಂದಿ ಪಾಲುದಾರರು ಅದರಾಗ? ಮಾತಾಡಿ ಮುಗಿಸೋಣಂತ ಹೇಳು."

"ಅವರು ಸತ್ತು ಎರಡು ಸಾವಿರ ವರ್ಷದ ಮ್ಯಾಲಾತ್ರಿ."

ಸತ್ತವರಿಗೂ ತನಗೂ ಏನೂ ಕೊಡುವ ಕೊಳ್ಳುವ ಸಂಬಂಧವಿಲ್ಲವೆಂದು ತಿಳಿದದ್ದೇ ಕೊಟ್ರಯ್ಯನಿಗೆ ಧೈರ್ಯ ಬಂತು. "ನನ್ನ ಜತಿ ಚ್ಯಾಷ್ಟಿ ಮಾಡ್ತೀಯಾ ಮಗನ?" ಎಂದು ಕಾಲೆತ್ತಿ ತಾಯಕ್ಕನ ರಾಶಿಯನ್ನು ಒದ್ದ. ಇಟ್ಟಿಗೆ ಒಂದು ಕಡೆ, ಕಲ್ಲೊಂದು ಕಡೆ ಹಾರಿದವು. "ಹೋತು ನೋಡು ನಿನ್ನ ಲೆಕ್ಕ!"

ತಾಯಕ್ಕ ಕೂತಲ್ಲಿಂದ ಏಳಲಿಲ್ಲ. "ಕಲ್ಲು ಹೋತಪ್ಪ. ಲೆಕ್ಕ ಎಲ್ಲಿಗೆ ಹೋಗ್ತೈತಿ? ನಾಲ್ಕು ಇಟ್ಟಂಗಿ, ನಡುವ ಖಾಲಿ, ಏಳು ಸಣ್ಣು. ನನ್ನ ತಲ್ಯಾಗ ಐತಿ. ಇಲ್ಲೂ ಒದೀತೀಯೇನು?"

ಕೊಟ್ರಯ್ಯ ಎತ್ತಿದ ಕಾಲನ್ನು ಮೆಲ್ಲಗೆ ಕೆಳಗಿಟ್ಟ.

ಹನ್ನೆರಡೂವರೆಗೆ ಈಶ್ವರ್ ಸಾಹೇಬರು ಬಂದರು. ಅವರ ಕಾರು ಎರಡು ಮೈಲಿ ಹಿಂದೆ ಲಾರಿಗಳ ನಡುವೆ ಹೂತು ಹೋಗಿತ್ತು. ನಡೆದು ಬಂದ ಸಾಹೇಬರು ತಲೆಯಿಂದ ಬೂಟಿನವರೆಗೆ ಕೆಂಪಾಗಿ, ಕುಂಕುಮದಲ್ಲಿ ಹೊರಳಿಸಿ ತೆಗೆದ ಬೊಂಬೆಯಂತಿದ್ದರು. ಕಣ್ಣು ಮಾತ್ರ ಬಿಳಿ. ಅದೂ ಸಿಟ್ಟಿಗೆ ಕೆಂಪಾಗುತ್ತಿತ್ತು.

"ನೀ ಏನಪ್ಪಾ ಮೇಷ್ಟ್ರು? ರೋಡ್ ಬಂದ್ ಮಾಡಿ ಪರೀಕ್ಷೆ ಕೊಡ್ತೀಯಾ? ಎಲ್ಲರನ್ನೂ ನಪಾಸ್ ಮಾಡಿ ಹೋಗ್ತೀನಿ ನೋಡು!"

ಗವಿಸಿದ್ದಪ್ಪ ಕೈ ಮುಗಿದ. "ಒಂದ ಒಂದು ಪ್ರಶ್ನೆ ಕೇಳ್ರಿ ಸಾಹೇಬ್ರ. ಉತ್ತರ ಬರಲಿಲ್ಲಂದ್ರ ನಾನ ಎದ್ದು ಹೋಗ್ತೀನಿ."

ಸಾಹೇಬರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಎದುರಿಗೆ ಸಿಕ್ಕ ಜಂಬಕ್ಕನ ಮೇಲೆ ಹರಿಹಾಯ್ದರು. "ಏ ಯಮ್ಮಾ, ನೂರಾ ಇಪ್ಪತ್ತು ಕುರಿ. ಒಂಬತ್ತು ಸತ್ವು. ಉಳಿದಿದ್ದೆಷ್ಟು?"

"ಹೆಂಗ ಸತ್ವು ಸಾಹೇಬ್ರ? ಲಾರಿ ಕೆಳಗೇನು?"

"ಹೆಂಗರ ಸಾಯ್ಲಿ!"

"ಹಂಗಲ್ರಿ. ಲಾರಿ ಕೆಳಗಾದ್ರ ಒಂಬತ್ತಕ್ಕ ನಿಲ್ಲಂಗಿಲ್ಲ. ಇರಲಿ, ನಿಮ್ಮ ಕುರಿ. ನೂರಾ ಹನ್ನೊಂದು."

ಸಾಹೇಬರು ಹತ್ತೊಂಬತ್ತು ಮಂದಿಯನ್ನು ಕೇಳಿದರು. ಹತ್ತೊಂಬತ್ತು ಮಂದಿಯೂ ಹೇಳಿದರು. ಕೆಲವರು ಬೆರಳ ಗೆಣ್ಣು ಎಣಿಸಿ, ಕೆಲವರು ನೆಲದ ಮೇಲೆ ಕಲ್ಲು ಜೋಡಿಸಿ, ಒಬ್ಬಳು ಮಗುವಿಗೆ ಮೊಲೆ ಕೊಡುತ್ತಲೇ. ಸಾಹೇಬರ ಬಾಯಿ ಒಂದೊಂದು ಉತ್ತರಕ್ಕೂ ಒಂದೊಂದು ಅಂಗುಲ ತೆರೆದುಕೊಂಡು, ಕೊನೆಗೆ ಗುಬ್ಬಿ ಗೂಡು ಕಟ್ಟುವಷ್ಟಾಯಿತು. ಇಪ್ಪತ್ತನೆಯವಳು ತಾಯಕ್ಕ.

"ಅಜ್ಜಿ, ನೀ ಮುಂಜಾನಿಂದ ಏನು ಎಣಸಿದಿ, ಅದನ್ನ ಹೇಳು."

"ತುಂಬಿದ ಲಾರಿ. ನಾಲ್ಕು ಇಟ್ಟಂಗಿ, ಏಳು ಸಣ್ಣು."

"ನಾಲ್ಕು, ಏಳು. ನಲವತ್ತೇಳು." ಸಾಹೇಬರು ಬರೆದುಕೊಳ್ಳಹೊರಟರು.

ಕೊಟ್ರಯ್ಯನ ಮುಖ ಮಲ್ಲಿಗೆಯಂತೆ ಅರಳಿತು. ಚೆಕ್‌ಪೋಸ್ಟಿನ ಪುಸ್ತಕದಲ್ಲಿ ಅವತ್ತು ಬೆಳಗ್ಗೆ ಹೋದ ಲಾರಿ ತೊಂಬತ್ತು ಎಂದು ಬರೆದಿತ್ತು. ನಲವತ್ತೇಳು ಎಂದರೆ ಸರ್ಕಾರವೇ ಕೊಟ್ರಯ್ಯನಿಗೆ ಲಾರಿ ಬಾಕಿ ಇದ್ದ ಹಾಗೆ! "ಬರೀರಿ ಸಾಹೇಬ್ರ, ನಲವತ್ತೇಳು! ಏನು ಶಾಣ್ಯಾ ಮುದುಕಿ!"

"ಯಪ್ಪಾ, ತಡಿ!" ತಾಯಕ್ಕ ಸೆರಗು ಕಟ್ಟಿ ಎದ್ದು ನಿಂತಳು. "ನಡುವ ದಪ್ಪ ಕಲ್ಲಿನ ಜಾಗ ಖಾಲಿ ಐತಿ. ಅಲ್ಲಿ ಯಾರು ಕುಂದ್ರಬೇಕು?"

"ಸೊನ್ನೀ!" ಎಂದು ಹತ್ತೊಂಬತ್ತು ಹೆಂಗಸರು ಕೂಗಿದ ರಭಸಕ್ಕೆ ಬೇವಿನ ಮರದ ಧೂಳೆಲ್ಲ ಸಾಹೇಬರ ತಲೆಯ ಮೇಲೆ ಇಳಿಯಿತು.

"ನಾಲ್ಕು, ಸೊನ್ನಿ, ಏಳು," ಎಂದಳು ತಾಯಕ್ಕ. "ನಾನೂರ ಏಳು. ಎರಡೂವರಿ ತಾಸಿನಾಗ. ಸಾಹೇಬ್ರ, ಇಷ್ಟು ಓದೀರಿ, ಖಾಲಿ ಜಾಗ ಬಿಟ್ಟು ಎಣಸ್ತೀರಲ್ರಿ."

ಗವಿಸಿದ್ದಪ್ಪನ ಕಣ್ಣಲ್ಲಿ ನೀರು ಬಂತು. ಈ ಸಲ ಗೊಬ್ಬರದ ಘಾಟಲ್ಲ.

ಸಾಹೇಬರ ಪೆನ್ನು ಮಾತ್ರ ಗಾಳಿಯಲ್ಲೇ ನಿಂತಿತು. ಅವರು ಕೊಟ್ರಯ್ಯನ ಮುಖ ನೋಡಿದರು, ಸಾಲು ನಿಂತ ಲಾರಿ ನೋಡಿದರು. "ನಾನೂರಾ ಏಳು ಬರೆಯಾಕ ಆಗಂಗಿಲ್ಲ. ಪುಸ್ತಕದಾಗ ತೊಂಬತ್ತೈತಿ. ಸರ್ಕಾರದ ಲೆಕ್ಕಕ್ಕ ತಾಳೆ ಆಗದ ಉತ್ತರ ತಪ್ಪು. ಎಲ್ಲರೂ ನಪಾಸು," ಎಂದರು.

ಹೆಂಗಸರು ದಂಗಾದರು. ಗವಿಸಿದ್ದಪ್ಪ ಬೇವಿನ ಬೊಡ್ಡೆ ಹಿಡಿದು ನೆಲಕ್ಕೆ ಕುಸಿದ. ಗಂಗಾಂಬಿಕಾ ತಮ್ಮನಿಗೆ ಫೋನು ಮಾಡಲು ಆಗಲೇ ಗುಂಡಿ ಒತ್ತುತ್ತಿದ್ದಳು.

ಆಗ ಕೊಟ್ರಯ್ಯ ಮುಂದೆ ಬಂದ. ಯಾರೂ ಎಣಿಸಿರದ ಮಾತಾಡಿದ. "ಸಾಹೇಬ್ರ, ಅನ್ಯಾಯ ಮಾಡಬ್ಯಾಡ್ರಿ. ನಮ್ಮೂರ ತಾಯಂದ್ರು ಇಷ್ಟು ಕಲ್ತಾರ. ಪಾಸ್ ಮಾಡ್ರಿ."

"ಕೊಟ್ರಯ್ಯನವರ, ನೀವು..."

"ಎರಡು ನಿಮಿಷ ಈ ಕಡಿ ಬರ್ರಿ."

ಇಬ್ಬರೂ ಜೀಪಿನ ಆಚೆ ಬದಿಗೆ ಹೋದರು. ಕೊಟ್ರಯ್ಯ ಬೆರಳು ಮಡಚಿ ಮಡಚಿ ಏನೋ ಹೇಳುವುದು ಕಾಣಿಸಿತು. ಸಾಹೇಬರು ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ನಕ್ಕರು, ಆಮೇಲೆ ಕೊಟ್ರಯ್ಯನ ಬೆನ್ನು ತಟ್ಟಿದರು. ತಿರುಗಿ ಬಂದು, "ಇಪ್ಪತ್ತು ಮಂದಿನೂ ಪಾಸು! ನೂರಕ್ಕ ನೂರು!" ಎಂದರು. ಹಿಂದೆಯೇ ಕೊಟ್ರಯ್ಯನ ಜೀಪಿನಿಂದ ಮಂಡಕ್ಕಿ ಒಗ್ಗರಣೆ, ಬುಟ್ಟಿ ತುಂಬ ಮಿರ್ಚಿ, ಸೋಡಾ ಇಳಿದವು.

ಗವಿಸಿದ್ದಪ್ಪ ಎದ್ದವನೇ ಕೊಟ್ರಯ್ಯನ ಎರಡೂ ಕೈ ಹಿಡಿದುಕೊಂಡ. "ಅಣ್ಣಾ, ನಿಮ್ಮನ್ನ ತಪ್ಪು ತಿಳಕೊಂಡಿದ್ದೆ."

"ಎಲ್ಲಾರೂ ತಿಳಕೊಂತಾರಪ್ಪ," ಎಂದ ಕೊಟ್ರಯ್ಯ ನೊಂದವನ ಹಾಗೆ.

ಗಂಗಾಂಬಿಕಾ ಕೂಡ ಗಂಡನ ಅಂಗಿಯ ಧೂಳು ಕೊಡವಿದಳು. ಮದುವೆಯಾದ ಹನ್ನೊಂದು ವರ್ಷದಲ್ಲಿ ಅವಳು ಅಷ್ಟು ಮೆಲ್ಲಗೆ ಅವನನ್ನು ಮುಟ್ಟಿದ್ದು ಎರಡನೆಯ ಸಲವಿರಬೇಕು.

ಸಾಹೇಬರು ಚೀಲದಿಂದ ಕಾಗದ ತೆಗೆದರು. "ನನ್ನ ಕೈಯೆಲ್ಲ ಧೂಳು. ವರದಿ ನೀನ ಬರಿಯಪ್ಪ, ಮೇಷ್ಟ್ರ. ನಾ ಹೇಳ್ತೀನಿ."

ಗವಿಸಿದ್ದಪ್ಪ ಮೊಣಕಾಲ ಮೇಲೆ ಹಲಗೆಯಿಟ್ಟು ಕೂತ. ಹೆಂಗಸರು ಮಿರ್ಚಿ ಹಿಡಿದುಕೊಂಡೇ ಸುತ್ತ ನಿಂತರು.

"ಗುಡ್ಡದಹಳ್ಳಿ ಕೇಂದ್ರದ ಇಪ್ಪತ್ತು ಕಲಿಕೆದಾರರೂ ಪೂರ್ಣ ಯಶಸ್ವಿಯಾಗಿದ್ದಾರೆ," ಎಂದರು ಸಾಹೇಬರು. ಗವಿಸಿದ್ದಪ್ಪ ಮುತ್ತು ಪೋಣಿಸಿದಂತೆ ಬರೆದ.

"ಕಲಿಸಿದ ಕ್ರಮ ಅತ್ಯುತ್ತಮವಾಗಿದೆ." ಅತ್ಯುತ್ತಮವನ್ನು ಅವನು ಉಳಿದದ್ದಕ್ಕಿಂತ ತುಸು ದೊಡ್ಡದಾಗಿಯೇ ಬರೆದ.

"ಆದುದರಿಂದ ಈ ಊರಿನಲ್ಲಿ ಇನ್ನು ಕಲಿಯಬೇಕಾದವರು ಯಾರೂ ಉಳಿದಿಲ್ಲ." ಅದನ್ನೂ ಅದೇ ಖುಷಿಯಲ್ಲಿ ಬರೆದ.

"ಕಾರಣ, ಸದರಿ ಕೇಂದ್ರವನ್ನು ಇಂದಿನಿಂದಲೇ ಕಾಯಂ ಮುಚ್ಚುವುದು."

'ಕಾರಣ' ಎಂದು ಬರೆದ ಪೆನ್ನು ಅಲ್ಲೇ ನಿಂತಿತು. ಹೆಂಗಸರಿಗೆ ಕೇಳದಂತೆ ಪಿಸುಗುಟ್ಟಿದ: "ಸಾಹೇಬ್ರ... ನಪಾಸಾದ್ರ ಅಲ್ಲೇನ್ರಿ ನನಗ ಬಾಗಿಲು ತೋರಸೋದು?"

"ನಪಾಸಾದ್ರ ನಿನ್ನ ತೆಗೆದು ಇನ್ನೊಬ್ಬನ್ನ ಹಾಕ್ತಿದ್ವಿ, ಕೇಂದ್ರ ನಡೀತಿತ್ತು. ಪಾಸಾದ್ರ ಏನು ಅಂತ ನೀನೂ ಕೇಳಲಿಲ್ಲ, ನಾವೂ ನೋಡಿದ್ದಿಲ್ಲ. ಇಲ್ಲಿತನ ಯಾವ ಊರೂ ಪಾಸ್ ಆಗಿದ್ದಿಲ್ಲ ನೋಡು! ಪೂರ್ತಿ ಕಲ್ತ ಊರಿಗೆ ಕೇಂದ್ರ ಬ್ಯಾಡ ಅಂತ ಸುತ್ತೋಲೆ ಐತಂತ, ಕೊಟ್ರಯ್ಯನವರ ನೆನಪು ಮಾಡಿದ್ರು," ಎಂದು ಸಾಹೇಬರೂ ಅವನಿಗಷ್ಟೇ ಕೇಳುವಂತೆ ಪಿಸುಗುಟ್ಟಿದರು.

ಕೊಟ್ರಯ್ಯ ಗವಿಸಿದ್ದಪ್ಪನ ಹೆಗಲ ಮೇಲೆ ಕೈಯಿಟ್ಟು ಕಿವಿಯ ಹತ್ತಿರ ಬಾಗಿದ. "ನಪಾಸ್ ಆಗಿದ್ರ ಹೊಸಾ ಮಾಸ್ತರ ಬರ್ತಿದ್ದ, ಇವರು ಮತ್ತ ರಸ್ತಿಗೆ ಬರ್ತಿದ್ರು. ಪಾಸಾದ್ರ ಯಾರೂ ಬರಂಗಿಲ್ಲ. ನಾನೂ ಸ್ವಲ್ಪ ಲೆಕ್ಕ ಕಲ್ತಾವ ತಮ್ಮಾ. ಬರಿ, ಬರಿ. ಅಕ್ಷರ ಭಾಳ ಚಂದ ಅದಾವ."

ಗವಿಸಿದ್ದಪ್ಪ ತಲೆಯೆತ್ತಿ ಸುತ್ತ ನೋಡಿದ. ಇಪ್ಪತ್ತು ಮುಖ ಮದುವಣಗಿತ್ತಿಯರಂತೆ ಹೊಳೆಯುತ್ತಿದ್ದವು. ಲೆಕ್ಕ ಬಲ್ಲ ಹೆಂಗಸರು; ಸಾಹೇಬರ ಪುಸ್ತಕದ ಕನ್ನಡ ಒಬ್ಬಳಿಗೂ ತಿಳಿದಿರಲಿಲ್ಲ. ಅವರೆಲ್ಲ ಗೆದ್ದದ್ದು ಅದೇ ಮೊದಲು. ಅವನು ಬರೆದು ಮುಗಿಸಿದ.

"ಕೆಳಗ ಇಪ್ಪತ್ತೂ ಮಂದಿ ಒಪ್ಪಿಗಿ ಬೇಕು," ಎಂದು ಸಾಹೇಬರು ಶಾಯಿಯ ಡಬ್ಬಿ ತೆಗೆದರು.

"ಹೆಬ್ಬೆಟ್ಟು ಯಾಕ್ರಿ?" ಎಂದು ಜಂಬಕ್ಕ ಆ ಡಬ್ಬಿಯನ್ನು ಅತ್ತ ನೂಕಿದಳು. "ನಮಗ ಸಹಿ ಮಾಡಾಕ ಬರ್ತೈತಿ."

ಸಾಲು ನಿಂತಿತು. ಕೊಟ್ರಯ್ಯ ಫೋನಿನಲ್ಲಿ ಎರಡೇ ಮಾತಾಡಿದ. ದೂರದಲ್ಲಿ ಎಂಜಿನ್ನುಗಳು ಕೆಮ್ಮಿ ಎದ್ದವು. ಹೆಂಗಸರ ಬೆನ್ನ ಹಿಂದೆ ಲಾರಿಗಳು ಒಂದರ ಬಾಲಕ್ಕೊಂದು ಹೋಗತೊಡಗಿದವು. ಯಾರೂ ಎಣಿಸಲಿಲ್ಲ. ಎಲ್ಲರ ಕಣ್ಣೂ ಕಾಗದದ ಮೇಲಿತ್ತು.

ಕೊನೆಯವಳು ತಾಯಕ್ಕ. ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು, ಒಂದೊಂದು ಅಕ್ಷರವನ್ನೂ ಬಾವಿಯಿಂದ ಕೊಡ ಎಳೆದಂತೆ ಎಳೆದೆಳೆದು ತನ್ನ ಹೆಸರು ಬರೆದಳು. ಜೀವಮಾನದಲ್ಲಿ ಸರ್ಕಾರದ ಕಾಗದದ ಮೇಲೆ ಅವಳು ಮಾಡಿದ ಮೊದಲ ಸಹಿ. ಬರೆದು ಮುಗಿಸಿ, ಧೂಳಿನ ಕೈಯಿಂದ ಕಾಗದವನ್ನು ಗವಿಸಿದ್ದಪ್ಪನ ಮುಖದ ಹತ್ತಿರ ಹಿಡಿದಳು.

"ನೋಡ್ರಿ ಸಾರ್. ತಪ್ಪೇನರ ಐತೇನು?"

ಗವಿಸಿದ್ದಪ್ಪ ಮೇಲಿನಿಂದ ಕೆಳಗಿನವರೆಗೆ ಓದಿದ.

"ಏನೂ ತಪ್ಪಿಲ್ಲವ್ವ," ಎಂದ. "ಎಲ್ಲಾ ಬರೋಬ್ಬರಿ ಐತಿ."